ಬುಧವಾರದ ಹಾಲು

ಮಂಗಳವಾರ ಸಂಜೆ ಡೇರಿಯ ಬಾಗಿಲು ಹಾಕುವ ಮೊದಲು ನಾನು ರಮ್ಯಳಿಗೆ ಅದನ್ನೇ ಮತ್ತೊಮ್ಮೆ ಹೇಳಿದೆ. ಯಾರ ಹಾಲೇ ಇರಲಿ, ಮೊದಲು ಮೂಸಿ ನೋಡಬೇಕು. ಅನುಮಾನ ಬಂದರೆ ಗಾಜಿನ ನಳಿಕೆಗೆ ಸ್ವಲ್ಪ ಹಾಕಿ ಕಾಯಿಸಬೇಕು. ಒಡೆದರೆ ತೆಗೆದುಕೊಳ್ಳಬಾರದು. ಹುಳಿಯಾದ ಒಂದು ಲೀಟರ್ ದೊಡ್ಡ ಕ್ಯಾನಿಗೆ ಬಿದ್ದರೆ ಇಡೀ ಕ್ಯಾನು ಹೋದಂತೆ. ಹಾಲು ಒಯ್ಯುವ ಲಾರಿಯವರು ಅದನ್ನು ಮುಟ್ಟುವುದಿಲ್ಲ. ಅವತ್ತು ಹಾಲು ಹಾಕಿದ ಹೆಂಗಸರೆಲ್ಲ ನಮ್ಮ ಮನೆ ಮುಂದೆ ಬಂದು ನಿಲ್ಲುತ್ತಾರೆ.

"ಅಕ್ಕಾ, ನಾನು ಹಾಲು ಅಳೀಲಿಕ್ಕೆ ಹೋಗುದು, ರಾಕೆಟ್ ಬಿಡ್ಲಿಕ್ಕೆ ಅಲ್ಲ," ಎಂದು ರಮ್ಯ ತೊಳೆದ ಕ್ಯಾನುಗಳನ್ನು ಕವುಚಿ ಹಾಕುತ್ತ ನಕ್ಕಳು.

ಅವಳು ಎಲ್ಲದಕ್ಕೂ ನಗುತ್ತಾಳೆ. ನನಗೆ ಭಯವಿದ್ದದ್ದು ಅದರದ್ದೇ. ರಮ್ಯ ಘಟ್ಟದಂಚಿನ ಕರಿಕೆ ಕಡೆಯವಳು. ಗಂಡನಿಗೆ ಕುಶಾಲನಗರದಲ್ಲಿ ಕೆಲಸ ಸಿಕ್ಕಿದ ಮೇಲೆ ನಮ್ಮ ಊರಿಗೆ ಬಂದು, ನಮ್ಮ ಮಹಿಳಾ ಹಾಲಿನ ಸಂಘದಲ್ಲಿ ಸಹಾಯಕಿಯಾಗಿ ಸೇರಿದ್ದಳು. ಹಾಲು ಸುರಿಯುವುದು, ಕ್ಯಾನು ತೊಳೆಯುವುದು ಅವಳ ಕೆಲಸ. ಪರೀಕ್ಷೆ, ಅಳತೆ, ಲೆಕ್ಕ ನನ್ನವು; ಬುಧವಾರ ಒಂದು ದಿನ ಮಾತ್ರ ಅವೂ ಅವಳ ಕೈಗೆ. ಹೆಸರಿಗೆ ನಾನು ಕಾರ್ಯದರ್ಶಿ. ಸಂಜೆ ತರಗತಿಗೆ ಹೋಗಿ ಪಿಯುಸಿ ಮುಗಿಸಿದವಳಿಗೆ ಈ ಕೆಲಸ ಕೊಟ್ಟಾಗ, ಇವಳ ಕೈಲಿ ಆಗುತ್ತದೆಯೇ ಎಂದು ಕೇಳಿದವರಿದ್ದರು. ಅವರು ಕೇಳಿದ್ದು ಸರಿಯೇ ಇರಬಹುದು ಎಂದು ಈಗಲೂ ಪ್ರತಿ ಬೆಳಿಗ್ಗೆ ಬೀಗ ತೆಗೆಯುವಾಗ ನನಗೆ ಅನ್ನಿಸುತ್ತದೆ. ಅದಕ್ಕೇ ಒಂದು ಹೊತ್ತನ್ನೂ ತಪ್ಪಿಸಿದವಳಲ್ಲ. ನಾದಿನಿಯ ಮದುವೆಯ ದಿನ ರೇಷ್ಮೆ ಸೀರೆಯಲ್ಲೇ ನಿಂತು ಹಾಲು ಅಳೆದಿದ್ದೇನೆ.

"ಮಡಿಕೇರಿಲಿ ಎಂತ ಮೀಟಿಂಗು ಅಕ್ಕ, ಇದ್ದಕ್ಕಿದ್ದ ಹಾಗೆ?"

"ಇದೆ ಒಂದು," ಎಂದೆ.

ಮೀಟಿಂಗ್ ಇರಲಿಲ್ಲ. ದೀಪಾವಳಿಯ ಹೊತ್ತಿಗೆ, ಸ್ನಾನ ಮಾಡುವಾಗ, ನನ್ನ ಎಡ ಎದೆಯಲ್ಲಿ ಅವರೆಕಾಳಿನಷ್ಟು ಗಟ್ಟಿಯಾದದ್ದೊಂದು ಕೈಗೆ ಸಿಕ್ಕಿತ್ತು. ಊರಿನ ಆಸ್ಪತ್ರೆಯ ಡಾಕ್ಟರು ಮುಟ್ಟಿ ನೋಡಿ, ಮಡಿಕೇರಿಗೆ ಹೋಗಿ ಸ್ಕ್ಯಾನ್ ಮಾಡಿಸಿ, ತಡ ಮಾಡಬೇಡಿ ಎಂದಿದ್ದರು. ಮೊದಲು ಕೊಟ್ಟ ದಿನ ನಾನು ಹೋಗಲಿಲ್ಲ. ಆ ವಾರ ಫ್ಯಾಟ್ ನೋಡುವ ಮಿಷನ್ ಕೆಟ್ಟಿತ್ತು. ಆಮೇಲೆ ಆಡಿಟ್ ಬಂತು. ಆಮೇಲೆ ಕರುಗಳಿಗೆ ಚುಚ್ಚುಮದ್ದಿನ ಕ್ಯಾಂಪ್. ಹಾಗೇ ಸಂಕ್ರಾಂತಿ ಕಳೆಯಿತು. ಕಾಳು ದೊಡ್ಡದಾಯಿತೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುವ ಧೈರ್ಯವೂ ಇರಲಿಲ್ಲ. ಬುಧವಾರದ್ದು ಎರಡನೆಯ ಸಲ ಕೊಟ್ಟ ದಿನ.

ಮನೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ನನ್ನ ಗಂಡ ಸತೀಶ್ ಶುಂಠಿ ಲೋಡ್ ತೆಗೆದುಕೊಂಡು ಮೈಸೂರಿಗೆ ಹೊರಟಿದ್ದ. "ಏನೂ ಇರಲ್ಲ, ಹೋಗ್ಬಾ" ಎಂದು ನನ್ನ ಮುಖ ನೋಡದೆ ಹೇಳಿ ಗಾಡಿ ಹತ್ತಿದ. ಅತ್ತೆ ಕಾಮಾಕ್ಷಮ್ಮ ಮಾತ್ರ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಸೀರೆ ಉಟ್ಟು, ಚೀಲ ಹಿಡಿದು ಜಗಲಿಯಲ್ಲಿ ಕೂತಿದ್ದರು.

"ನೀವ್ಯಾಕತ್ತೆ? ನಿಮಗೆ ತಿರುವಿನ ರೋಡಲ್ಲಿ ವಾಂತಿ ಆಗುತ್ತೆ."

"ಆದ್ರೆ ಆಗ್ಲಿ. ನಿನ್ನೊಬ್ಳನ್ನೇ ಕಳ್ಸುದ್ರೆ ಲಾರಿ ಬಂದಿಲ್ಲ, ಮಿಷನ್ ಕೆಟ್ಟೋಯ್ತು ಅಂತ ಅರ್ಧ ದಾರೀಲಿ ಇಳ್ಕಂಡು ಬಂದ್ಬುಡ್ತೀಯ. ನಡಿ ನಡಿ."

ಬಸ್ಸು ಕುಶಾಲನಗರ ಬಿಡುವಾಗ ಡೇರಿಯಲ್ಲಿ ಹಾಲು ಹಾಕುವವರ ಸಾಲು ಶುರುವಾಗಿರುವ ಹೊತ್ತು. ಅತ್ತೆ ಕಿಟಕಿಯ ಬಳಿ ಕೂತು ನಿಂಬೆಹಣ್ಣು ಮೂಸುತ್ತಿದ್ದರು. ನಾನು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಕರೆಂಟ್ ಇದೆಯೋ ಇಲ್ಲವೋ. ಮಿಷನ್ನಿನ ಬ್ಯಾಟರಿ ಚಾರ್ಜಿಗೆ ಹಾಕಿದ್ದೆನೋ ಇಲ್ಲವೋ. ಹಾಕಿದ್ದೆ. ಸ್ವಿಚ್ ಒತ್ತಿದ್ದೆನೇ? ರಮ್ಯಳಿಗೆ ಫೋನ್ ಮಾಡಿದೆ. ಒತ್ತಿದ್ದೆ. ಮತ್ತೆ ಸ್ವಲ್ಪ ಹೊತ್ತಿಗೆ, ಹಾಲು ಚೆನ್ನಾಗಿ ಕಲಕಿ ಸ್ಯಾಂಪಲ್ ತೆಗಿ ಎಂದು ಹೇಳಲು ಮಾಡಿದೆ. ಅವಳು "ಆಯ್ತಕ್ಕ, ಆಯ್ತಕ್ಕ" ಎಂದು ಇಟ್ಟಳು. ಹಿಂದೆ ಯಾರೋ ಜೋರಾಗಿ ಮಾತಾಡುತ್ತಿದ್ದದ್ದು ಕೇಳಿತು. ಗಂಡು ದನಿ.

ಸುಂಟಿಕೊಪ್ಪ ದಾಟಿದ ಮೇಲೆ ಫೋನ್ ಬಂತು.

"ಅಕ್ಕಾ, ಕೆಂಪಣ್ಣನ ಹಾಲು ಕಾಯಿಸಿದ್ರೆ ಒಡೀತಾ ಉಂಟು. ಅವ್ರು ಬೊಬ್ಬೆ ಹಾಕ್ತಿದ್ದಾರೆ. ಎಂತ ಮಾಡುದು—"

ಅಷ್ಟೇ. ತಿರುವಿನಲ್ಲಿ ನೆಟ್‌ವರ್ಕ್ ಹೋಯಿತು.

ಕೆಂಪಣ್ಣನೆಂದರೆ ನಮ್ಮ ಬೀದಿಯ ಕೊನೆ ಮನೆಯವನು. ಹಾಲು ಹೆಂಡತಿಯ ಹೆಸರಿನಲ್ಲಿ, ತರುವವನು ಅವನು. ದಿನಾ ಫ್ಯಾಟ್ ಕಡಿಮೆ ಬಂತೆಂದು ಜಗಳ ತೆಗೆಯುತ್ತಾನೆ. ಸಂಜೆ ಬರಲು ಸೋಮಾರಿತನವಾದರೆ ಆ ಹಾಲನ್ನು ಬೆಳಗಿನದಕ್ಕೆ ಬೆರೆಸಿ ತರುವ ಅಭ್ಯಾಸವೂ ಇದೆ. ಅವನನ್ನು ಸಂಭಾಳಿಸಲು ನನಗೊಂದು ದಾರಿ ಗೊತ್ತಿತ್ತು: ಮೊಮ್ಮಗಳು ಹೇಗಿದ್ದಾಳೆ ಎಂದು ಮೊದಲು ಕೇಳುವುದು, ಎರಡು ಸಲ ಪರೀಕ್ಷೆ ಮಾಡಿ ತೋರಿಸುವುದು, ಅವನು ತಣ್ಣಗಾದ ಮೇಲೆ ಇಲ್ಲ ಎನ್ನುವುದು. ಇದನ್ನು ರಮ್ಯಳಿಗೆ ಹೇಳಿಕೊಟ್ಟಿರಲಿಲ್ಲ. ಕಾಯಿಸುವುದು, ಮೂಸುವುದು ಎಲ್ಲ ಹೇಳಿದ್ದೆ. ಮನುಷ್ಯನ ವಿಷಯ ಹೇಳಿರಲಿಲ್ಲ.

ಮಡಿಕೇರಿಯವರೆಗೂ ಫೋನ್ ಒತ್ತುತ್ತಲೇ ಇದ್ದೆ. ಒಮ್ಮೆ ಸಿಗ್ನಲ್ ಇಲ್ಲ, ಇನ್ನೊಮ್ಮೆ ರಿಂಗ್ ಆಗುತ್ತದೆ, ಎತ್ತುವುದಿಲ್ಲ. ಅವಳು ಹೆದರಿ ಹಾಲು ತೆಗೆದುಕೊಂಡಿರುತ್ತಾಳೆ. ಅದು ದೊಡ್ಡ ಕ್ಯಾನಿಗೆ ಬಿದ್ದಿರುತ್ತದೆ. ಲಾರಿ ವಾಪಸ್ ಹೋಗಿರುತ್ತದೆ. ಇಲ್ಲವೇ ಅವಳು ನಕ್ಕಿರುತ್ತಾಳೆ, ಕೆಂಪಣ್ಣ ಕ್ಯಾನು ಎತ್ತಿ ಒಗೆದಿರುತ್ತಾನೆ. ಅತ್ತೆ ಪ್ಲಾಸ್ಟಿಕ್ ಕವರಿಗೆ ವಾಂತಿ ಮಾಡಿಕೊಂಡದ್ದು ನನಗೆ ಗೊತ್ತಾಗಲೇ ಇಲ್ಲ. ಬಾಯಿ ಒರೆಸಿಕೊಳ್ಳುತ್ತ, "ನೀರಾದ್ರೂ ಕೊಡೇ" ಎಂದಾಗ ತಿರುಗಿ ನೋಡಿದೆ.

ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯ ಹೊರಗೆ ಉದ್ದನೆಯ ಬೆಂಚು. ನಮ್ಮ ಮುಂದೆ ಬಹಳ ಜನರಿದ್ದರು. ನರ್ಸ್ ಹೆಸರು ಬರೆದುಕೊಂಡು, ಕೂಗಿದಾಗ ಇಲ್ಲದಿದ್ದರೆ ಮತ್ತೆ ಬೇರೆ ದಿನ ತೆಗೆದುಕೊಳ್ಳಬೇಕಾಗುತ್ತದೆ, ಎಲ್ಲೂ ಹೋಗಬೇಡಿ ಎಂದರು. ಅತ್ತೆ ಪಕ್ಕದ ಹೆಂಗಸಿನ ಹತ್ತಿರ ಆಗಲೇ ಮಾತಿಗೆ ಕೂತಿದ್ದರು. ನಾನು ಕೂರುವುದು, ಏಳುವುದು, ಕಿಟಕಿಯ ಬಳಿ ಹೋಗಿ ಫೋನ್ ಒತ್ತುವುದು. ಎತ್ತುತ್ತಿಲ್ಲ.

ಕೊನೆಗೆ ಅತ್ತೆಯ ಹತ್ತಿರ ಬಂದು ಹೇಳಿಯೇಬಿಟ್ಟೆ.

"ಅತ್ತೆ, ನಾನು ಹೋಗ್ತೀನಿ. ಈಗ ಬಸ್ಸು ಸಿಕ್ಕಿದ್ರೆ ಸಂಜೆ ಹಾಲಿಗಾದ್ರೂ ಊರಲ್ಲಿರಬಹುದು. ಅಲ್ಲೇನಾಗಿದೆಯೋ ಗೊತ್ತಿಲ್ಲ. ಇದಕ್ಕೆ ಮುಂದಿನ ತಿಂಗಳು ಬಂದರಾಯ್ತು."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಓಗು. ನಿನ್ ಬದ್ಲಿಗೆ ನಾನೇ ಒಳೀಕ್ ಓಗಿ ಮಲ್ಕಂತೀನಿ. ದಿವ್ಯಶ್ರೀ ಅಂದ್ರೆ ನಾನೇ ಅಂತೀನಿ. ಡಾಕ್ಟ್ರಿಗೇನು ಗೊತ್ತಾಯ್ತದಾ?"

ಪಕ್ಕದ ಹೆಂಗಸು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಅಳು ಬರುವ ಹಾಗಾಯಿತು. ಚೀಲವನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿನ ಕಡೆ ನಡೆದೆ. ಅತ್ತೆ ಹಿಂದೆ ಬರಲಿಲ್ಲ, ಕರೆಯಲೂ ಇಲ್ಲ. ಮೆಟ್ಟಿಲ ತುದಿಯಲ್ಲಿ ನಿಂತು ಇನ್ನೊಂದೇ ಸಲ ಎಂದುಕೊಂಡು ಒತ್ತಿದೆ.

ರಮ್ಯ ಎತ್ತಿದಳು.

"ಎಂತಕ್ಕ ಮಾರಾಯ್ರೆ! ಕೈ ಎಲ್ಲ ಸೋಪು, ಕ್ಯಾನು ತೊಳೀತಿದ್ದೆ."

"ಕೆಂಪಣ್ಣ ಏನಾದ?"

"ಎಂತ ಆಗುದು? ವಾಪಸ್ ಕಳಿಸಿದೆ. ನಿಮ್ಮ ಫೋನು ಕಟ್ ಆಯ್ತಲ್ಲ. ನಾನೇ ಯೋಚನೆ ಮಾಡಿದೆ. ಬೇಕಾದ್ರೆ ನೀವೇ ಕಾಯಿಸಿ ನೋಡಿ ಅಂತ ನಳಿಕೆ ಅವ್ರ ಕೈಗೇ ಕೊಟ್ಟೆ. ಒಡೀತು. ಇದ್ರಲ್ಲಿ ಮನೇಲಿ ಪನೀರ್ ಮಾಡಿಸಿ, ನಾಳೆ ನಂಗೂ ಸ್ವಲ್ಪ ತನ್ನಿ ಅಂದೆ. ಬೈದ್ಕೊಂಡು ಹೋದ್ರು. ಒಂದು ಮಾತು ಹೇಳಿದ್ರು, ದಿವ್ಯ ಇದ್ದಿದ್ರೆ ತಗಳ್ತಿದ್ಲು ಅಂತ."

ನಾನು ತೆಗೆದುಕೊಳ್ಳುತ್ತಿದ್ದೆನೇ? ಇಲ್ಲ ಎಂದುಕೊಂಡೆ. ಆದರೆ ಪೂರ್ತಿ ಖಾತರಿಯಾಗಲಿಲ್ಲ.

"ಲಾರಿ?"

"ಬಂದು ಹೋಗಿ ಎಷ್ಟೊತ್ತಾಯ್ತು. ಎಲ್ಲಾ ಸರಿ ಉಂಟು." ಆಮೇಲೆ ಅವಳು, "ಅಕ್ಕಾ, ಒಂದು ಹೇಳ್ಲಾ, ಬೇಜಾರು ಮಾಡ್ಬೇಡಿ. ಬೆಳಿಗ್ಗೆಯಿಂದ ನಾನು ನಿಮಗೆ ಮಾಡಿದ್ದು ಒಂದೇ ಫೋನು. ಮಿಕ್ಕಿದ್ದೆಲ್ಲ ನೀವೇ ಮಾಡಿದ್ದು. ಇಲ್ಲಿ ಮಿಸ್ ಕಾಲ್ ನೋಡಿದ್ರೆ ನನ್ನ ಗಂಡ ಕೂಡ ನನ್ನ ಹಿಂದೆ ಇಷ್ಟು ಬಿದ್ದಿರ್ಲಿಲ್ಲ. ಇನ್ನು ಮೀಟಿಂಗ್ ಮುಗಿಯುವ ತನಕ ನಾನು ಎತ್ತುದಿಲ್ಲ," ಎಂದು ನಗುತ್ತ ಇಟ್ಟುಬಿಟ್ಟಳು.

ನಾನು ಅಲ್ಲೇ ನಿಂತೆ. ಬೆಳಿಗ್ಗೆಯಿಂದ ಎಲ್ಲರೂ ನನ್ನನ್ನು ಎಳೆದಾಡುತ್ತಿದ್ದಾರೆ ಎಂದುಕೊಂಡಿದ್ದೆ. ಯಾರೂ ಎಳೆದಿರಲಿಲ್ಲ. ಒಂದು ಫೋನಿನ ಉತ್ತರ ಸಿಗುವ ಮೊದಲೇ ನಾನೇ ಇನ್ನೊಂದನ್ನು ಒತ್ತುತ್ತಿದ್ದೆ. ಈಗ ಡೇರಿ ತೊಳೆದು ಒಣಗುತ್ತಿದೆ. ಚಿಂತೆ ಮಾಡಲು ಹಾಲೇ ಉಳಿದಿಲ್ಲ.

ಹಾಲು ಇಲ್ಲವಾದ ಕೂಡಲೇ ಅದು ಬಂತು. ಎದೆಯಲ್ಲಿ, ಸರಿಯಾಗಿ ಆ ಕಾಳು ಇರುವಲ್ಲೇ ಕೂತಿತು. ಮೆಟ್ಟಿಲಿನ ಕಂಬಿ ಹಿಡಿದುಕೊಂಡೆ. ಇಷ್ಟು ತಿಂಗಳು ಈ ಭಯ ಎಲ್ಲಿತ್ತು? ಮಿಷನ್ ಕೆಟ್ಟಾಗ, ಆಡಿಟ್ ಬಂದಾಗ, ಕರುಗಳ ಕ್ಯಾಂಪಿನಲ್ಲಿ ನಿಂತಾಗ ಇದಕ್ಕೆ ನನ್ನೊಳಗೆ ಜಾಗ ಇರಲಿಲ್ಲ. ಕೆಲಸ ನನಗೆ ಪುರುಸೊತ್ತು ಕೊಡುತ್ತಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಪುರುಸೊತ್ತು ಸಿಕ್ಕಿದರೆ ಇದರ ಜೊತೆ ಒಬ್ಬಳೇ ಕೂರಬೇಕಾಗುತ್ತಿತ್ತು. ಅದಕ್ಕೇ ಇರಬೇಕು, ರಮ್ಯಳಿಗೆ ಅಳತೆಯನ್ನು ನಾನು ಇಷ್ಟು ದಿನ ಬಿಟ್ಟುಕೊಡದಿದ್ದದ್ದು. ಹೀಗೆ ಯೋಚಿಸುವುದು ಸರಿಯೋ ತಪ್ಪೋ ಗೊತ್ತಾಗಲಿಲ್ಲ. ಆದರೆ ಹೆದರಲು ಈಗ ಒಂದೇ ಒಂದು ಇತ್ತು. ಬೆಳಿಗ್ಗೆಯಿಂದ ಹತ್ತು ಕಡೆ ಓಡುತ್ತಿದ್ದ ತಲೆ ಆ ಒಂದರ ಮುಂದೆ ಬಂದು ನಿಂತಿತು.

ತಿರುಗಿ ಬಂದು ಅತ್ತೆಯ ಪಕ್ಕ ಕೂತೆ. ಅವರು ಸ್ವಲ್ಪ ಸರಿದು ಜಾಗ ಮಾಡಿದರು.

"ಅತ್ತೆ, ನಂಗೆ ಹೆದರಿಕೆ ಆಗ್ತಿದೆ."

"ಯಾತುಕ್ಕೆ? ಹಾಲ್ಗಾ?"

"ಅಲ್ಲ. ಇದಕ್ಕೆ."

ಏನೂ ಆಗಲ್ಲ ಸುಮ್ಮನಿರು ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಕೈಯಲ್ಲಿದ್ದ ನಿಂಬೆಹಣ್ಣನ್ನು ಚೀಲಕ್ಕೆ ಹಾಕಿದರು.

"ನಂಗೂವೆ ಕಣವ್ವ. ನೆನ್ನೆಯಿಂದ ಅನ್ನ ಇಳೀತಿಲ್ಲ. ನಿಂಗೆ ಹೇಳುದ್ರೆ ನೀನೂ ಹೆದ್ರುಕಂತೀಯ ಅಂತ ಸುಮ್ನಿದ್ದೆ. ನೀನು ನೋಡುದ್ರೆ ಹಾಲು ಹಾಲು ಅಂತ ಬಡ್ಕತಾ ಇದ್ದೆ. ಇವ್ಳಿಗೆ ಭಯಾನೇ ಇಲ್ವಲ್ಲಪ್ಪ, ಎಂಥ ಗಟ್ಟಿಗಿತ್ತಿ ಅನ್ಕಂಡೆ."

"ನಾನಾ?"

"ಊಂ. ಈಗ ಗೊತ್ತಾಯ್ತು ಬುಡು, ನೀನೂ ನನ್ ತರನೇ ಪುಕ್ಲಿ."

ಅವರ ಒರಟು ಅಂಗೈ ನನ್ನ ಮೊಣಕೈಯ ಮೇಲೆ ಇತ್ತು. ನರ್ಸ್ ಹೆಸರು ಕೂಗಿದಾಗ ನಾನು ಫೋನನ್ನೂ ಚೀಲವನ್ನೂ ಅವರ ಮಡಿಲಿಗಿಟ್ಟು ಒಳಗೆ ಹೋದೆ.

ಕೋಣೆ ತಂಪಾಗಿತ್ತು, ಮಬ್ಬಾಗಿತ್ತು. ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ತಣ್ಣನೆಯ ಅಂಟು ಸವರಿ, ಆ ಉಪಕರಣವನ್ನು ಒತ್ತಿ ಒತ್ತಿ ಆಡಿಸುತ್ತ ಪರದೆ ನೋಡುತ್ತಿದ್ದರು. ನಾನು ಅವರ ಮುಖ ನೋಡುತ್ತಿದ್ದೆ. ಅದರಲ್ಲಿ ಏನೂ ಗೊತ್ತಾಗಲಿಲ್ಲ. ಒಂದು ಜಾಗದಲ್ಲಿ ಕೈ ನಿಂತಿತು. ಮತ್ತೆ ಅಲ್ಲಿಗೇ ಬಂತು.

"ಇಷ್ಟರಲ್ಲೇ ಪೂರ್ತಿ ಹೇಳೋಕಾಗಲ್ಲಮ್ಮ," ಎಂದರು ಕೊನೆಗೆ. "ಸೂಜಿ ಹಾಕಿ ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸಬೇಕು. ಹೆಚ್ಚಿನ ಗಂಟುಗಳಲ್ಲಿ ತೊಂದರೆ ಇರಲ್ಲ. ಆದರೆ ನೋಡದೆ ಬಿಡೋ ಹಾಗಿಲ್ಲ. ಮುಂದಿನ ಬುಧವಾರ ಬೆಳಿಗ್ಗೆ ಬರ್ತೀರಾ?"

ಬೆಳಿಗ್ಗೆ ಹಾಲಿದೆ ಮೇಡಂ, ನೋಡ್ತೀನಿ. ಆ ಮಾತು ನಾಲಿಗೆಯ ತುದಿಗೆ ತಾನಾಗಿ ಬಂತು. ಎಷ್ಟು ಸಲ ಹೇಳಿದ್ದೆನೋ ಅದನ್ನು, ಎಷ್ಟು ಜನರಿಗೆ.

"ಬರ್ತೀನಿ," ಎಂದೆ.

ಹೊರಗೆ ಬಂದು ಅತ್ತೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಎರಡು ಸಲ ಕೇಳಿಸಿಕೊಂಡು, "ಹಂಗಾದ್ರೆ ಬುಧ್ವಾರಕ್ಕೂ ನಾನು ಬತ್ತೀನಿ," ಎಂದರು. ಈ ಸಲ ಬೇಡವೆನ್ನಬೇಕು ಎಂದು ನನಗೆ ಅನ್ನಿಸಲಿಲ್ಲ. ಅವರು ಮುಖ ತೊಳೆಯಲು ನಲ್ಲಿಯ ಬಳಿ ಹೋದರು. ನಾನು ಫೋನ್ ತೆಗೆದು ರಮ್ಯಳಿಗೆ ಮಾಡಿದೆ.

"ಮೀಟಿಂಗ್ ಮುಗೀತಾ ಅಕ್ಕ?"

"ರಮ್ಯ, ನಾನು ಮೀಟಿಂಗಿಗೆ ಬಂದದ್ದಲ್ಲ."

ಹೇಳಿದೆ. ಅವರೆಕಾಳಿನಿಂದ ಸೂಜಿಯವರೆಗೆ. ಆ ಕಡೆ ನಗು ಇರಲಿಲ್ಲ.

"ನಾನು ಮಿಸ್ ಕಾಲ್ ಅಂತ ತಮಾಷೆ ಮಾಡಿದೆನಲ್ಲ ಅಕ್ಕ."

"ಒಳ್ಳೇದೇ ಮಾಡಿದೆ."

"ಸಂಜೆ ಹಾಲೂ ನಾನೇ ನೋಡ್ಕೊಳ್ತೇನೆ. ನೀವು ಅತ್ತೆ ಜೊತೆ ಊಟ ಮಾಡಿ ನಿಧಾನ ಬನ್ನಿ. ಮುಂದಿನ ಬುಧವಾರನೂ ನಂದೇ. ಆಮೇಲೆ ಎಷ್ಟು ಸಲ ಹೋಗ್ಲಿಕ್ಕೆ ಉಂಟೋ ಅಷ್ಟೂ."

ಸಂಜೆ ಕೆಂಪಣ್ಣ ಮತ್ತೆ ಬರುತ್ತಾನೆ. ಬೆಳಗಿನ ಸಿಟ್ಟು ಹೊತ್ತುಕೊಂಡೇ ಬರುತ್ತಾನೆ. ಕರೆಂಟ್ ಹೋಗುವುದೂ ಸಾಮಾನ್ಯವಾಗಿ ಅದೇ ಹೊತ್ತಿಗೆ. ಬೇಡ, ನಾನು ಬಂದುಬಿಡುತ್ತೇನೆ ಎನ್ನಲು ಬಾಯಿ ತೆರೆದೆ.

"ಆಯ್ತು," ಎಂದೆ. "ಕೆಂಪಣ್ಣ ಬಂದ್ರೆ, ಮೊದಲು ಅವನ ಮೊಮ್ಮಗಳ ವಿಷಯ ಕೇಳು."

"ಕೇಳಿ ಆಯ್ತಕ್ಕ ಬೆಳಿಗ್ಗೆನೇ. ಹಲ್ಲು ಬಂದಿದೆಯಂತೆ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದು, ಎಲ್ಲಿ ಊಟ ಮಾಡೋಣ ಎಂದು ಕೇಳಿದರು. ನನಗೆ ಹಸಿವಿರಲಿಲ್ಲ. ಹೆದರಿಕೆಯೂ ಹೋಗಿರಲಿಲ್ಲ. ಆದರೂ ಅವರ ಜೊತೆ ಹೊರಟೆ. ಬಸ್ಸಿನ ಸಮಯ ನೋಡಲಿಲ್ಲ.