ಮುನಿಗಂಗಮ್ಮನ ಕಣ್ಣೀರು

2024ರ ಫೆಬ್ರವರಿ 13, ಮಂಗಳವಾರ, ಬೆಳಗ್ಗೆ 6 ಗಂಟೆ 50 ನಿಮಿಷಕ್ಕೆ ದೇವರಾಯಸಮುದ್ರದ ಹಾಲಿನ ಡೈರಿಯ ಮುಂದೆ ಸಾಲಿನಲ್ಲಿ ನಿಂತಿದ್ದ ಮುನಿಗಂಗಮ್ಮನ ಕಣ್ಣಿಂದ ಮತ್ತೆ ನೀರಿಳಿಯಿತು. ಕೆರೆಯ ಕಡೆಯಿಂದ ಚಳಿಗಾಳಿ ಬಂದು ಮುಖಕ್ಕೆ ಬಡಿದದ್ದೇ ತಡ, ಎರಡೂ ಕೆನ್ನೆ ತೊಯ್ದವು. ಸೆರಗಿನಿಂದ ಒರೆಸಿಕೊಂಡಳು. ಒರೆಸಿದಷ್ಟೂ ಇಳಿಯಿತು.

ಹಿಂದಿದ್ದ ಶ್ಯಾಮಲಮ್ಮ ಕ್ಯಾನು ಕೆಳಗಿಟ್ಟು ಹತ್ತಿರ ಸರಿದಳು. "ಬೆಳಗಾಗೆದ್ದೇ ಶುರುವಾಯ್ತಾ ಮುನಿಗಂಗಕ್ಕ? ಏನಂದ್ಳು ಇವತ್ತು?"

"ಯಾರು?"

"ಇನ್ಯಾರು, ನಿನ್ ಸೊಸೆ."

"ನನ್ ಸೊಸೆ ಇನ್ನೂ ಬಾಯೇ ಬಿಟ್ಟಿಲ್ಲ ಕಣೇ. ಬಿಟ್ಟಿರೋದು ನೀನು."

ಸಾಲಿನಲ್ಲಿ ನಾಲ್ಕೈದು ಜನ ನಕ್ಕರು. ಹಿಂಡಿ ಕೊಳ್ಳಲು ಬಂದು ಗೋಡೆಯ ಪಕ್ಕ ನಿಂತಿದ್ದ ಸೊಸೆ ರಜನಿ ಮಾತ್ರ ನಗಲಿಲ್ಲ.

ಡೈರಿಯ ಸೆಕ್ರೆಟರಿ ಅಶ್ವತ್ಥಪ್ಪ ಮುನಿಗಂಗಮ್ಮನ ಒಡಹುಟ್ಟಿದ ತಮ್ಮ. ನೀರು ಬೆರೆತಿದೆಯೇ ಎಂದು ಹಾಲಿನಲ್ಲಿ ತೇಲಿಬಿಟ್ಟಿದ್ದ ಡಿಗ್ರಿ ಕಡ್ಡಿಯನ್ನು ಬಗ್ಗಿ ನೋಡಿ, ಅಂಕಿ ಬರೆದುಕೊಂಡು, ತಲೆ ಎತ್ತಿದ. "ಅಕ್ಕಯ್ಯ, ಆರು ತಿಂಗಳಿಂದ ನಾನೂ ನೋಡ್ತಾ ಇದೀನಿ. ಅತ್ತು ಅತ್ತು ಬದುಕೋ ಗ್ರಹಚಾರ ನಿಂಗೇನು? ಸಾಯಂಕಾಲ ಕೋದಂಡರಾಮಪ್ಪನೋರ್ನ ಕರ್ಕೊಂಡು ಬರ್ತೀನಿ. ನಾಲ್ಕು ಜನದ ಮುಂದೆ ಮಾತಾಡಿ ನಿನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ." ಕೋದಂಡರಾಮಪ್ಪ ಊರಿನ ಮನೆಜಗಳಗಳನ್ನು ಬಗೆಹರಿಸುವ ಹಿರಿಯ. ಅವನನ್ನು ಕರೆಸಿದ ಮನೆಯ ಮಾತು ವರ್ಷಗಟ್ಟಲೆ ಊರಿನ ಬಾಯಲ್ಲಿರುತ್ತಿತ್ತು.

ಮುನಿಗಂಗಮ್ಮ ಮನೆಗೆ ಬರುವಷ್ಟರಲ್ಲಿ ರಜನಿ ಮಂಚದ ಮೇಲೆ ಬಟ್ಟೆಚೀಲ ತೆರೆದಿಟ್ಟು ಸೀರೆ ಮಡಚುತ್ತಿದ್ದಳು. ಹನ್ನೊಂದು ವರ್ಷದಿಂದ ಅತ್ತೆ ಸೊಸೆ ಜಗಳವಾಡದ ದಿನವಿಲ್ಲ. ಹಿಪ್ಪುನೇರಳೆ ಸೊಪ್ಪು ದಪ್ಪವಾಗಿ ಕತ್ತರಿಸಿದೆಯೆಂದು ಒಬ್ಬಳು, ಸಾರಿಗೆ ಉಪ್ಪು ಬಿದ್ದಿಲ್ಲವೆಂದು ಇನ್ನೊಬ್ಬಳು. ಮಧ್ಯಾಹ್ನವಾದರೆ ಅದೇ ಮಡಕೆಯ ಮುದ್ದೆಯನ್ನು ಇಬ್ಬರೂ ಜೊತೆಗೆ ಕೂತು ಉಣ್ಣುತ್ತಿದ್ದರು. ಇವತ್ತು ರಜನಿ ಜಗಳ ತೆಗೆಯಲಿಲ್ಲ. ಮುನಿಗಂಗಮ್ಮನಿಗೆ ಹೆದರಿಕೆಯಾದದ್ದು ಅದಕ್ಕೆ.

"ಮಾಲೂರಿಗೆ ಹೋಗ್ತೀನಿ ಅತ್ತೆ, ಅಮ್ಮನ ಮನೆಗೆ. ನಾಲ್ಕು ಜನದ ಮುಂದೆ ನಿಂತ್ಕೊಂಡು ನಾನು ಅಳಿಸಿಲ್ಲ ಅಂತ ಹೇಳೋಕೆ ನನ್ ಕೈಲಾಗಲ್ಲ."

"ಯಾರೇ ಹೇಳು ಅಂದಿದ್ದು?"

"ಮೂರು ಸಲ ಕಣ್ಣಾಸ್ಪತ್ರೆಗೆ ಹೋಗೋಣ ಅಂದೆ. ಏನಂದ್ರಿ?"

ನಿನಗಿಂತ ನನ್ನ ಕಣ್ಣು ಚೆನ್ನಾಗಿ ಕಾಣ್ತವೆ, ಅಂದಿದ್ದಳು. ಸುಳ್ಳೇನಲ್ಲ. ಒಂದು ತಟ್ಟೆ ರೇಷ್ಮೆಹುಳದಲ್ಲಿ ಕಾಯಿಲೆ ಬಿದ್ದ ಒಂದೇ ಹುಳವನ್ನು ಈಗಲೂ ಅವಳೇ ಮೊದಲು ಹೆಕ್ಕುತ್ತಿದ್ದಳು. ಆದರೆ ಸಂಜೆಯಾದರೆ ಕಣ್ಣೊಳಗೆ ರಾಗಿ ಹೊಟ್ಟು ತೂರಿದಂತಾಗುತ್ತಿತ್ತು. ಬೆಳಗ್ಗೆ ರೆಪ್ಪೆಗಳು ಅಂಟಿಕೊಂಡಿರುತ್ತಿದ್ದವು. ಹುಳದ ಮನೆಯಲ್ಲಿ ಸುಣ್ಣದ ಪುಡಿ ಎರಚಿದ ದಿನವಂತೂ ಬೆಂಕಿ. ಇಷ್ಟು ನೀರು ಹರಿಯುತ್ತಿದೆಯಲ್ಲ, ಕಸವೆಲ್ಲ ತೊಳೆದುಹೋಗುತ್ತದೆ ಎಂದು ಸುಮ್ಮನಿದ್ದಳು. ಅವಳ ಹಟಕ್ಕೆ ಈಗ ರಜನಿ ತಲೆ ಕೊಡಬೇಕಾಗಿತ್ತು.

"ನಡಿ ಆಸ್ಪತ್ರೆಗೆ" ಎಂದಳು. "ಆ ಚೀಲಾನೂ ತಗೋ. ಆಮೇಲೂ ಹೋಗಲೇಬೇಕು ಅನ್ನಿಸಿದ್ರೆ ನಾನೇ ಮಾಲೂರು ಬಸ್ ಹತ್ತಿಸ್ತೀನಿ."

ದಾರಿಯಲ್ಲಿ ಡೈರಿಗೆ ನುಗ್ಗಿದಳು. ಅಶ್ವತ್ಥಪ್ಪ ಬಾಗಿಲು ಹಾಕುತ್ತಿದ್ದ.

"ಏಮ್ರಾ ಅಶ್ವತ್ಥಾ, ಡಿಗ್ರಿ ನೋಡ್ದೆ ಯಾರ ಹಾಲೂ ತಗೊಂಡೋನಲ್ಲ ನೀನು. ನನ್ ಕಣ್ಣೀರು ಮಾತ್ರ ದೂರದಿಂದ್ಲೇ ನೋಡಿ ತೀರ್ಮಾನ ಮಾಡಿಬಿಟ್ಯಾ? ನಡಿ ಮುಳಬಾಗಿಲಿಗೆ."

"ನಂಗೆ ಕೆಲಸ ಐತೆ ಅಕ್ಕಯ್ಯ."

ಅವಳು ಅವನ ಕೈಚೀಲ ಎತ್ತಿಕೊಂಡು ಬಸ್‌ಸ್ಟಾಪಿನ ಕಡೆ ನಡೆದಳು. ಬೈಕಿನ ಕೀ, ಕನ್ನಡಕ ಎಲ್ಲ ಅದರಲ್ಲೇ ಇದ್ದವು. ಅಶ್ವತ್ಥಪ್ಪ ಹಿಂದೆ ಹಿಂದೆ ಬಂದ.

ಮುಳಬಾಗಿಲಿನ ಕಣ್ಣಾಸ್ಪತ್ರೆಯಲ್ಲಿ ಪರೀಕ್ಷೆ ಮಾಡುವ ರಮ್ಯ ಹಳದಿ ಬಣ್ಣದ ಹನಿ ಹಾಕಿ, ನೀಲಿ ಬೆಳಕಿನಲ್ಲಿ ಬಹಳ ಹೊತ್ತು ನೋಡಿದಳು. "ಅಜ್ಜಿ, ನಿಮ್ಮ ಕಣ್ಣು ಒಣಗಿದಾವೆ."

ಅಶ್ವತ್ಥಪ್ಪ ನಕ್ಕುಬಿಟ್ಟ. "ಒಣಗೋದಾ? ಮೇಡಂ, ಕೊಡಗಟ್ಲೆ ಸುರೀತದೆ. ಊರೇ ನೋಡೈತೆ."

"ತೋಟಕ್ಕೆ ಡ್ರಿಪ್ ಹಾಕಿದೀರಾ?"

"ಟೊಮ್ಯಾಟೊಗೆ ಹಾಕಿದೀವಿ."

"ಕಣ್ಣಿಗೂ ಅಂಥದ್ದೇ ಒಂದಿರುತ್ತೆ. ಯಾವಾಗ್ಲೂ ಒಂದೊಂದೇ ತೊಟ್ಟು ಬಿಟ್ಟು ತೇವ ಇಟ್ಟಿರುತ್ತೆ. ಅದು ಆರದ ಹಾಗೆ ಮೇಲೊಂದು ತೆಳ್ಳನೆ ಎಣ್ಣೆ ಪದರ. ಇವರಿಗೆ ಆ ಡ್ರಿಪ್ಪೇ ಕಟ್ಟಿದೆ. ಒಣಗಿದ ಕಣ್ಣಿಗೆ ಗಾಳಿ ಬಡಿದ್ರೆ ಉರಿಯುತ್ತೆ, ಉರಿದಾಗ ಒಂದೇ ಸಲ ನೀರು ನುಗ್ಗುತ್ತೆ. ಆ ನೀರು ನಿಲ್ಲಲ್ಲ, ಕೆನ್ನೆ ಮೇಲೆ ಹರಿದುಹೋಗುತ್ತೆ."

"ಬಾಯಲ್ಲಿ ಹೇಳಿದ್ರೆ ಇವನು ನಂಬಲ್ಲಮ್ಮ" ಎಂದಳು ಮುನಿಗಂಗಮ್ಮ. "ಅಳೆಯೋಕೆ ಏನಾದ್ರೂ ಐತಾ?"

ಇತ್ತು. ರಮ್ಯ ಕಣ್ಣು ಮರಗಟ್ಟಿಸುವ ಹನಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಕೆಳರೆಪ್ಪೆಯನ್ನು ಹತ್ತಿಯಿಂದ ಒತ್ತಿ ಒರೆಸಿದಳು. ಗೀಟು ಹಾಕಿದ ಎರಡು ಕಾಗದದ ಪಟ್ಟಿಗಳ ತುದಿ ಮಡಿಸಿ ರೆಪ್ಪೆಗಳಿಗೆ ಸಿಕ್ಕಿಸಿದಳು. "ಮರಗಟ್ಟಿದ ಕಣ್ಣು ಉರಿಗೆ ನೀರು ಬಿಡಲ್ಲ. ಈಗ ಬರೋದು ಡ್ರಿಪ್ಪಿಂದು ಮಾತ್ರ. ಒಂದು ಗೀಟು ಅಂದ್ರೆ ಒಂದು ಮಿಲಿಮೀಟರ್. ಐದು ನಿಮಿಷದಲ್ಲಿ ಹತ್ತು ದಾಟಿದ್ರೆ ಚೆನ್ನಾಗಿದೆ ಅಂತ. ಐದೂ ಆಗದಿದ್ರೆ ಒಣಗಿದೆ ಅಂತ."

"ದುಃಖಕ್ಕೆ ಬರೋ ನೀರು?" ಅಶ್ವತ್ಥಪ್ಪ ಕೇಳಿದ.

"ಅದು ಬಂದೇ ಬರುತ್ತೆ. ಈಗ ಅತ್ತರೆ ಕಾಗದ ಪೂರ್ತಿ ನೆನೆದುಹೋಗುತ್ತೆ. ಅಜ್ಜಿ, ಕಣ್ಣು ಮುಚ್ಕೊಳ್ಳಿ. ಮಾತು ಬೇಡ."

"ಮಾತಾಡಿದ್ರೆ ಅಳತೆ ಕೆಡುತ್ತಾ?"

"ಅಷ್ಟೇನಿಲ್ಲ."

"ಹಂಗಾದ್ರೆ ಆಡ್ತೀನಿ." ರೆಪ್ಪೆಗಳಿಂದ ಎರಡು ಪಟ್ಟಿ ಜೋತುಬಿದ್ದ ಮುಖವನ್ನು ತಮ್ಮನ ದನಿ ಬಂದ ಕಡೆ ತಿರುಗಿಸಿದಳು. "ಕೇಳ್ಲಾ. ರಜನಿ ಬೈಯೋದು ನನ್ ಮುಖದ ಮೇಲೆ. ನಾನೂ ಹಂಗೇ ಬೈತೀನಿ. ನಿಮ್ಮನೇಲಿ ನಿನ್ ಹೆಂಡ್ತಿ ಬಾಯ್ತುಂಬಾ ಅತ್ತಿಗೆ ಅತ್ತಿಗೆ ಅಂದು ತಣ್ಣನೆ ಮುದ್ದೆ ಇಡ್ತಾಳೆ. ನಂಗೆ ಅದು ಬೇಡ."

ಅಶ್ವತ್ಥಪ್ಪ ತಡೆದು ತಡೆದು ಹೇಳಿದ, "ಭಾವ ಇದ್ದಿದ್ರೆ ಇದೆಲ್ಲ ಇರ್ತಿರಲಿಲ್ಲ ಅಕ್ಕಯ್ಯ."

ಅವನು ಏನು ಮಾಡುತ್ತಿದ್ದಾನೆಂದು ಅವಳಿಗೆ ತಿಳಿಯಿತು. "ಅವರು ಹೋದಾಗ ಮೂರು ದಿನ ಅತ್ತಿದೀನಿ. ಅಳಬೇಕಾದಾಗ ಅಳ್ತೀನಿ. ನೀನು ಅಳಿಸಿದ್ರೆ ಅಳಲ್ಲ."

ಗೋಡೆ ಗಡಿಯಾರದ ಸದ್ದು ಕೇಳುತ್ತಿತ್ತು. ರಮ್ಯ ಚೀಟಿ ಬರೆಯುತ್ತಲೇ ಹೇಳತೊಡಗಿದಳು. ದಿನಕ್ಕೆ ಆರು ಸಲ ಹನಿ. ಎರಡು ಹೊತ್ತು, ಹದವಾದ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆ ಹತ್ತು ನಿಮಿಷ ರೆಪ್ಪೆಯ ಮೇಲೆ. ಫ್ಯಾನು ಮುಖಕ್ಕೆ ಬೇಡ. ಸುಣ್ಣ ಎರಚುವಾಗ ಪಕ್ಕ ಮುಚ್ಚಿದ ಕನ್ನಡಕ. ವಾಸಿಯಾಗಿ ಮುಗಿಯುವ ಕಾಯಿಲೆಯಲ್ಲ, ದಿನಾ ನೋಡಿಕೊಳ್ಳಬೇಕಾದದ್ದು. "ಮನೇಲಿ ಹನಿ ಹಾಕೋರು ಯಾರು?"

ಮುಚ್ಚಿದ ಕಣ್ಣಿನ ಕತ್ತಲಲ್ಲಿ ಮುನಿಗಂಗಮ್ಮ ಕಾದಳು. ಬಟ್ಟೆಚೀಲ ನೆಲಕ್ಕೆ ತಾಗಿದ ಸದ್ದಾಯಿತು.

"ಎಷ್ಟು ಸಲ ಅಂದ್ರಿ ಮೇಡಂ?" ರಜನಿಯ ದನಿ ಕೇಳಿತು. "ಇವರು ಸುಮ್ನೆ ಹಾಕಿಸ್ಕೊಳ್ಳೋರಲ್ಲ. ಕೈ ಹಿಡ್ಕೊಂಡೇ ಹಾಕ್ಬೇಕು."

ಮುನಿಗಂಗಮ್ಮನಿಗೆ ಅಳು ಒತ್ತರಿಸಿ ಬಂತು. ಗಂಡನ ಹೆಸರಿಗೆ ಬಾರದಿದ್ದ ಅಳು. ಅವಳು ಹಲ್ಲು ಕಚ್ಚಿದಳು. ಈಗಲ್ಲ. ಈ ಐದು ನಿಮಿಷ ಕಳೆಯಲಿ. ಮೂಗಿನಿಂದ ಉಸಿರೆಳೆದು, ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದು, ಒಂದು, ಎರಡು ಎಂದು ಮನಸ್ಸಿನಲ್ಲೇ ಎಣಿಸಿದಳು. ಅಳು ನಿಧಾನವಾಗಿ ಹಿಂದೆ ಸರಿಯಿತು.

"ಟೈಮಾಯ್ತು" ಎಂದು ರಮ್ಯ ಪಟ್ಟಿಗಳನ್ನು ಬಿಡಿಸಿ ಓದಹೋದಳು.

"ನೀನು ಬೇಡಮ್ಮ. ಅವನು ಓದಲಿ."

ಅಶ್ವತ್ಥಪ್ಪ ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಹೋಗಿ, ಪಟ್ಟಿಗಳನ್ನು ಕಣ್ಣಿನ ಸಮಕ್ಕೆ ಹಿಡಿದ. ಒಂದು ಸಲ ನೋಡಿ, ತಿರುಗಿಸಿ ಇನ್ನೊಂದು ಸಲ ನೋಡಿದ.

"ಬಲಗಣ್ಣು ನಾಲ್ಕು" ಎಂದ. "ಎಡಗಣ್ಣು ಮೂರು ಮಿಲಿಮೀಟರ್."