ಖಾಲಿ ಜೋಳಿಗಿ ತೂಕ

ದುಂಡು ದುಂಡಗಿನ ಪ್ರಿಸಿಲ್ಲಾ ಮೂರು ವರ್ಷದಿಂದ ಆಕಾಶ ತೂಗಲಿಕ್ಕೆ ಕುಂತಾಳ ಅಂದ್ರ ಭಾಲ್ಕ್ಯಾಗ ಯಾರು ನಂಬ್ತಾರ್ರಿ? ಆದ್ರ ಖರೇನೇ. ದೂರದ ಗೆಲಾಕ್ಸಿಗಳ ಬೆಳಕು ಬರೋ ದಾರ್ಯಾಗ ಕಣ್ಣಿಗಿ ಕಾಣದ ಭಾರ ಇತ್ತಂದ್ರ, ಬೆಳಕು ಬಾಗಿ, ಗೆಲಾಕ್ಸಿ ಆಕಾರ ಕೂದಲೆಳಿಯಷ್ಟು ಉದ್ದಾಗಿ ಕಾಣ್ತದ. ಆ ಎಳತ ಅಳದು, ಕಾಣದ್ದರ ತೂಕ ಹೇಳೋದೇ ಈಕಿ ಕೆಲಸ.

ಬೀದರದಾಗಿರೋ ಆಕಿ ಪಿಎಚ್‌ಡಿ ಗೈಡ್ ಅಮರನಾಥ ಸರ್ ಸುಮ್ನ ನಂಬೋ ಮನುಷ್ಯಾ ಅಲ್ಲ. ತಾವೇ ಎಳತ ಹಾಕಿ ಕಂಪ್ಯೂಟರದಾಗ ಹನ್ನೊಂದು ಸುಳ್ಳು ಆಕಾಶ ಮಾಡಿ ಕೊಟ್ಟಿದ್ರು. ಹತ್ತರ ಉತ್ತರ ಹೇಳಿದ್ರು. ಹನ್ನೊಂದನೇದು ಲಕೋಟ್ಯಾಗ ಹಾಕಿ, ಅಂಟಿಸಿ, ಪ್ರಿಸಿಲ್ಲಾನ ಅವ್ವ ಎಸ್ತರಮ್ಮನ ಕೈಯಾಗ ಕೊಟ್ಟಿದ್ರು. ಎಸ್ತರಮ್ಮ ಅದನ್ನ ಬೈಬಲ್‌ದಾಗ ಇಟ್ಟು, "ಮುಟ್ಟೀದಿ ಅಂದ್ರ ನೋಡು!" ಅಂದಿದ್ರು. ಇವತ್ತ ನಾಲ್ಕಕ್ಕ ಫೋನಿನ್ಯಾಗ ಉತ್ತರ ಹೇಳಬೇಕು, ಲಕೋಟಿ ಒಡೀಬೇಕು. ತಪ್ಪಿದ್ರ ಈಕಿ ಲೆಕ್ಕ ಖರೇ ಆಕಾಶಕ್ಕ ಹಚ್ಚಂಗಿಲ್ಲ. ಮೂರು ವರ್ಷದ ದುಡಿತ ಮಣ್ಣುಪಾಲು.

ಎರಡು ಗಂಟಿ ಆಗಿತ್ತು. ಉತ್ತರ ಗೊತ್ತಿದ್ದ ಹತ್ತೂ ಆಕಾಶದಾಗ ಪ್ರಿಸಿಲ್ಲಾನ ಲೆಕ್ಕ ಕಮ್ಮಿ ಬರ್ತಿತ್ತು.

"ಹ್ಯಾಂಗವ್ವಾ ಇದು? ಒಂದ್ರಾಗ ಹೆಚ್ಚು, ಒಂದ್ರಾಗ ಕಮ್ಮಿ ಬಂದಿದ್ರ ನಸೀಬ ಅಂತಿದ್ದೆ. ಎಲ್ಲಾದ್ರಾಗೂ ಒಂದೇ ಸಮ ಕಮ್ಮಿ!" ಆಕಿಗಿ ಅಳುನೇ ಬಂತು.

ಎಸ್ತರಮ್ಮ ತೊಗರಿಬ್ಯಾಳಿ ಹಸನು ಮಾಡ್ಲಿಕತ್ತಿದ್ರು. ಮೂವತ್ತು ವರ್ಷ ನರ್ಸ್ ಆಗಿ ಕೂಸು ತೂಗಿದ ಕೈ ಅದು. ಮೊರ ಕೆಳಗಿಟ್ಟು ನಕ್ಕರು.

"ಔರಾದ ಕಡಿ ಹಳ್ಳ್ಯಾಗ ಇದ್ದಾಗ ನನಗೂ ಹಿಂಗೇ ಆಗಿತ್ತು ತಗೋ. ಹೊಸಾ ತಕ್ಕಡಿ ಬಂದಿತ್ತು. ಕೂಸು ಮಲಗಿಸೋ ಖಾಲಿ ಜೋಳಿಗಿ ಹಾಕಿ ಮುಳ್ಳು ಸೊನ್ನಿಗಿ ತಂದಿದ್ದೆ. ಆಮ್ಯಾಲ ಹಳೇ ರೂಢಿಯಂಗ ಬಂದ ತೂಕದಾಗ ಜೋಳಿಗಿ ತೂಕ ಮತ್ತ ಕಳದೆ. ಒಂದು ತಿಂಗಳು ಊರಾಗಿನ ಕೂಸುಗಳೆಲ್ಲಾ ಪಾವ್ ಕಿಲೋ ಕಮ್ಮಿ! ಕುಲಸುಮಬೀ ಬಂದು, 'ಸಿಸ್ಟರ್, ನನ್ನ ಮಗ ತೊಟ್ಟಿಲಾ ಮುರೀಲಿಕತ್ಯಾನ, ನೀವು ಸೊರಗ್ಯಾನ ಅಂತೀರಲ್ರಿ' ಅಂತ ಜಗಳಾ ತಗದ್ಲು. ಆಗ ಬರೀ ಜೋಳಿಗಿ ತೂಗಿ, ರೂಢಿಯಂಗ ಕಳದು ಬರದು ನೋಡ್ದೆ. ಸೊನ್ನಿಗಿಂತ ಕೆಳಗ!"

ಪ್ರಿಸಿಲ್ಲಾ ದಡಕ್ಕನ ಎದ್ದು ನಿಂತ್ಲು. ಕ್ಯಾಮೆರಾನೂ ತಾನೇ ಗೆಲಾಕ್ಸಿ ಆಕಾರ ಒಂಚೂರು ಎಳೀತದ, ಸರ್ ಸುಳ್ಳು ಆಕಾಶಕ್ಕೂ ಆ ಎಳತ ಸೇರಿಸಿದ್ರು, ಅದನ್ನ ಕಳೀಲೇಬೇಕು. ಚಿತ್ರ ಸ್ವಚ್ಛ ಮಾಡೋ ಪ್ರೋಗ್ರಾಮು ಮೊದಲೇ ಕಳದಿತ್ತು. ಈಕಿ ಕಡೀಕ ಮತ್ತೊಮ್ಮೆ ಕಳದಿದ್ಲು! ಭಾರವೇ ಇಲ್ಲದ ಖಾಲಿ ಆಕಾಶ ಒಂದು ಮಾಡಿ ಲೆಕ್ಕಕ್ಕ ಹಾಕಿದ್ಲು. ಸೊನ್ನಿ ಬರಬೇಕಾದಲ್ಲಿ ಅಷ್ಟೇ ಕಮ್ಮಿ ಬಂತು. ಕಳಿಯೋ ಸಾಲು ಅಳಿಸಿದ್ಲು, ಸೊನ್ನಿ ಬಂತು. ಹತ್ತೂ ಆಕಾಶದ ಲೆಕ್ಕ ಸರ್ ಹೇಳಿದ ಉತ್ತರಕ್ಕ ಕೂಡಿ ಬಂತು.

ನಾಲ್ಕಕ್ಕ ಸರ್ ಫೋನ್ ಮಾಡಿದ್ರು. ಪ್ರಿಸಿಲ್ಲಾ ಹನ್ನೊಂದನೇ ಆಕಾಶದ ಅಂಕಿ ಹೇಳಿದ್ಲು. ಎಸ್ತರಮ್ಮ ಲಕೋಟಿ ಹರದು, ಚಾಳೀಸು ಹಾಕ್ಕೊಂಡು ಓದಿದ್ರು. ಫರಕ ಬಾಳ ಸಣ್ಣದು, ಸರ್ ಹಾಕಿದ ಹದ್ದಿನೊಳಗೇ ಇತ್ತು.

"ಶಭಾಷ್! ನಾಳಿಂದ ಖರೇ ಆಕಾಶ ತೂಗವ್ವಾ" ಅಂದ್ರು ಸರ್.

ಪ್ರಿಸಿಲ್ಲಾ ಖುಷಿ ತಡಿಲಾರದ ಅವ್ವನ ಕೊರಳಿಗಿ ಬಿದ್ಲು. "ಅವ್ವಾ, ಆವಾಗ ಎಷ್ಟು ಕೂಸುಗಳಿಗಿ ಕಮ್ಮಿ ಬರದಿದ್ದಿ?"

"ನಲವತ್ತೊಂದು. ಅದ್ರಾಗ ಮೊದಲ್ನೇ ಕೂಸು ನೀನೇ. ಸೊರಗೀದಿ ಅಂತ ಹೆದರಿ ಆ ತಿಂಗಳೆಲ್ಲಾ ತುಪ್ಪದ ಗಂಜಿ ತುರಕೀನಿ. ಅದಕ್ಕೇ ನೋಡು, ಹಿಂಗ ದುಂಡಗ ಅದಿ!"