‘ಓಡಿದ’ ಎಂಬಲ್ಲಿ ನಿಲ್ಲಬಾರದು

1
ಎಲ್ಲಿಂದ ಶುರು ಮಾಡಲಿ? ಕಾಪುವಿನ ಲೈಟ್‌ಹೌಸ್‌ನಿಂದ ಬೇಡ. ಅದು ಕ್ಯಾಲೆಂಡರುಗಳಲ್ಲಿ ಬೇಕಾದಷ್ಟಿದೆ. ಆದರೆ ಎಂಬತ್ತಮೂರನೇ ಇಸವಿಯಲ್ಲಿ ಅವರಿಬ್ಬರೂ ಓಟದ ಅಭ್ಯಾಸ ಮಾಡುತ್ತಿದ್ದದ್ದು ಅದರ ಬುಡದ ಕಡಲಂಚಿನ ಹೊಯಿಗೆಯಲ್ಲೇ, ನಾನೇನು ಮಾಡಲಿ? ಇಬ್ಬರೂ ಮಣಿಪಾಲದಲ್ಲಿ ಕಾಲೇಜು ಕಲಿಯುತ್ತಿದ್ದವರು. ಒಬ್ಬಳು ಕಾರ್ಕಳದ ಚಂಪಾ. ಇನ್ನೊಬ್ಬ...

(ಇಲ್ಲೇ ಸಿಕ್ಕಿಬಿದ್ದೆ. ಒಬ್ಬನೋ, ಒಬ್ಬಳೋ?)

2
ಮೊದಲ ಡ್ರಾಫ್ಟ್: ‘ಕಾಪುವಿನ ಶೇಖರ ನಾನೂರು ಮೀಟರ್ ಓಡಿದನು.’ ಕಾಲೇಜಿನ ಹಾಜರಿ ಕೂಗುವುದು ಹಾಗೆಯೇ. ಶಾಯಿ ಒಣಗುವ ಮೊದಲೇ ಪಾತ್ರ ಎದ್ದು ನಿಂತಿತು.

“ನನ್ನ ಹೆಸರು ಸ್ವರ್ಣಲತಾ. ಹುಟ್ಟಿದಾಗ ಗಂಡು ಅಂತ ಹೇಳಿದ್ದು ಅವರು. ನೀವೂ ಅದನ್ನೇ ಬರೆಯುವುದಾ ಮಾರಾಯ್ರೇ?”

ಹರಿದು ಹಾಕಿದೆ. ಎರಡನೆಯದು: ‘ಸ್ವರ್ಣಲತಾ ಓಡಿದರು.’ ಎಷ್ಟು ಸಲೀಸು! ಗೌರವದ ಬಹುವಚನಕ್ಕೆ ಗಂಡು ಹೆಣ್ಣೆಂಬ ತಕರಾರಿಲ್ಲ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

“ನಾನೆಂತ ಹೆಡ್‌ಮಾಸ್ಟರಾ? ಇದು ಗೌರವ ಅಲ್ಲ, ನಿಮ್ಮ ಹೆದರಿಕೆ.”

ಹೌದು, ಹೆದರಿಕೆಯೇ. ಕಡಿಯಾಳಿಯ ಬಾಡಿಗೆ ಕೋಣೆಯಲ್ಲಿ ಕೂತ ನನಗೆ ಒಂದು ‘ಳು’ ಬರೆಯಲು ಧೈರ್ಯವಿಲ್ಲ. ‘ನಾನು ಓಡಿದೆ’ ಎಂದು ಹೇಳಿಕೊಳ್ಳಲು ಅವಳಿಗೆ ಯಾವ ತೊಂದರೆಯೂ ಇಲ್ಲ. ಅವಳ ಬಗ್ಗೆ ಮಾತಾಡುವ ನಮಗೇ ಎಲ್ಲ ತೊಂದರೆ.

(ಅವಳು ಅಂದೆ. ಬಾಯಿಂದ ಬಿದ್ದಾಯಿತು.)

3
ಕಾರ್ಕಳದ ಮೈದಾನದಲ್ಲಿ ಭಾನುವಾರ ಹೆಂಗಸರ ನಾನೂರು ಮೀಟರ್ ಓಟವಿತ್ತು. ತಾನೂ ಅದರಲ್ಲಿ ಓಡಬೇಕೆಂದು ಸ್ವರ್ಣಲತಾ ಚಂಪಾಳಿಗೆ ಹೇಳಿದಳು. ಚಂಪಾ ಹೊಯಿಗೆಯಲ್ಲಿ ಕುಸಿದು ಕೂತಳು.

“ನೀನು ಹೆಣ್ಣು ಅಂತ ನನಗೆ ಯಾವಾಗಲೋ ಗೊತ್ತುಂಟು. ಆದರೆ ನೀನು ಓಡಿದರೆ ನಾನು ಸೆಕೆಂಡ್. ಫಸ್ಟ್ ಬಂದರೆ ಮಾತ್ರ ನನಗೆ ಸ್ಟೇಟ್ ಮೀಟಿಗೆ ಹೋಗಲಿಕ್ಕೆ ಆಗುವುದು. ನನ್ನ ಹೆದರಿಕೆಯೂ ಸುಳ್ಳಲ್ಲ, ಅಲ್ವಾ?”

“ಸುಳ್ಳಲ್ಲ,” ಎಂದಳು ಸ್ವರ್ಣಲತಾ. “ನನಗೆ ಪ್ರೈಜ್ ಬೇಡ, ನನ್ನ ಟೈಮ್ ಬರೆದುಕೊಳ್ಳುವುದೂ ಬೇಡ. ಕಡೆಯ ಲೇನಿನಲ್ಲಿ ಬಿಡಲಿ. ಮೈಕಿನಲ್ಲಿ ನನ್ನ ಹೆಸರು ಕರೆಯಲಿ. ಈ ಸರ್ತಿಗೆ ಅಷ್ಟು ಸಾಕು.”

(ಓದುಗರೇ, ಯಾರು ಸರಿ ಎಂದು ನನ್ನನ್ನು ಕೇಳಬೇಡಿ. ಚಂಪಾಳನ್ನು ವಿಲನ್ ಮಾಡಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಆದರೆ ಅವಳು ಕೇಳಿದ್ದು ನ್ಯಾಯದ ಪ್ರಶ್ನೆಯೇ.)

4
ಮೈಕು ಇದ್ದದ್ದು ಇಬ್ಬರಿಗೂ ಓಟ ಕಲಿಸಿದ ಇಮ್ಯಾನುಯೆಲ್ ಮಾಸ್ಟ್ರ ಕೈಯಲ್ಲಿ.

“ಹೆಸರು ಕರೆಯಬಹುದು. ಆದರೆ ಜನ ಕಲ್ಲು ಬಿಸಾಡಿದರೆ ನಾನೆಂತ ಮಾಡಲಿ?”

“ನನಗೂ ಅದೇ ಹೆದರಿಕೆ ಸರ್. ಆದರೂ ಕರೆಯಿರಿ.”

5
ಮುಕ್ತಾಯ ಅ: ಕಲ್ಲು ಬೀಳುತ್ತದೆ. (ಬರೆದವನು ನಾನೇ. ಆ ಕಲ್ಲನ್ನು ಬಿಸಾಡಿದವನೂ ನಾನೇ ಎನಿಸಿ ಗೀಟು ಹೊಡೆದು ಹಾಕಿದೆ.)

ಮುಕ್ತಾಯ ಆ: ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. (ನನಗೇ ನಂಬಿಕೆ ಬರಲಿಲ್ಲ.)

ಮುಕ್ತಾಯ ಇ: ಅವಳು ಹೆದರಿ ಓಡದೆ ಕಾಪುವಿನ ಬಸ್ಸು ಹತ್ತುತ್ತಾಳೆ, ಸಮುದ್ರದ ಕಡೆ ನಡೆಯುತ್ತಾಳೆ...

“ನಮ್ಮಂಥವರನ್ನು ನೀವು ಕಥೆಗಾರರು ಕಡೆಗೆ ನೀರಿಗೇ ಹಾಕುವುದು. ನನಗೆ ಈಜು ಬರುತ್ತದೆ, ಗೊತ್ತುಂಟಾ?”

6
ಸರಿ ಹಾಗಾದರೆ. ಮೈಕು ಕರಕರ ಎಂದಿತು.

“ಕಡೆಯ ಲೇನ್, ಕಾಪುವಿನ ಸ್ವರ್ಣಲತಾ.”

ಯಾರೋ ಸಿಳ್ಳೆ ಹಾಕಿದರು. ಗೇಲಿಯೋ ಶಾಭಾಸೋ ತಿಳಿಯಲಿಲ್ಲ. ಸ್ವರ್ಣಲತಾ ಗೆರೆಯ ಹಿಂದೆ ಬಗ್ಗಿ ನೆಲಕ್ಕೆ ಬೆರಳೂರಿದಳು.

“ಜೋರು ಓಡು,” ಎಂದಳು ಪಕ್ಕದ ಲೇನಿನ ಚಂಪಾ, ತಲೆ ಎತ್ತದೆ. “ನಾನೂ ಬಿಡುವುದಿಲ್ಲ.”

ಪಿಸ್ತೂಲು ಢಂ ಎಂದಿತು.

ಯಾರು ಮೊದಲು ಬಂದರು, ಕಲ್ಲು ಬಿತ್ತೋ ಇಲ್ಲವೋ, ನಾನು ಹೇಳುವುದಿಲ್ಲ. ಕೊನೆಯ ಕ್ರಿಯಾಪದವನ್ನೂ ಅರ್ಧಕ್ಕೆ ಬಿಡೋಣ ಎಂದುಕೊಂಡಿದ್ದೆ. ಮಾಡರ್ನ್ ಆಗಿ ಕಾಣುತ್ತದಲ್ಲ! ಆದರೆ ಕನ್ನಡದಲ್ಲಿ ಆ ಪದವನ್ನು ಒಂದಕ್ಷರ ಮೊದಲೇ ನಿಲ್ಲಿಸಿದರೆ ‘ಓಡಿದ’ ಎಂದಾಗುತ್ತದೆ. ಗಂಡಾಗುತ್ತದೆ. ನಾನು ಸುಮ್ಮನಾದರೂ ಸಾಕು, ಅವಳು ಮತ್ತೆ ಹಾಜರಿಯ ಶೇಖರನೇ ಆಗಿಬಿಡುತ್ತಾಳೆ.

ಕಥೆ ಮುಗಿಯದಿದ್ದರೂ ಪದವನ್ನು ಮುಗಿಸಲೇಬೇಕು. ನನಗೆ ಈಗಲೂ ಹೆದರಿಕೆಯೇ. ಕಿಟಕಿಯ ಆಚೆ ಯಾರೋ ನಿಂತು ಓದುತ್ತಿದ್ದಾರೆ ಎನಿಸುತ್ತದೆ. ಓದಲಿ.

ಸ್ವರ್ಣಲತಾ ಓಡಿದಳು